ಜೇನುಬೆಟ್ಟದ ರಾಣಿ

ಊರಿನ ಬೆಟ್ಟವನ್ನು ಊರಿನವರು ನೋಡುವುದಿಲ್ಲ; ಅದು ಇದೆ ಎಂದು ನಂಬಿರುತ್ತಾರೆ, ಅಷ್ಟೆ. ಮಧುಗಿರಿಯಲ್ಲಿ ಹದಿನೆಂಟು ವರ್ಷದಿಂದ ಕನ್ನಡ ಪಾಠ ಹೇಳುತ್ತಿರುವ ನಾನೇ ಈ ಮಾತಿಗೆ ಒಳ್ಳೆಯ ಉದಾಹರಣೆ. ತರಗತಿಯ ಕಿಟಕಿ ತೆರೆದರೆ ಬೆಟ್ಟ, ಮನೆಯ ಹಿತ್ತಿಲ ಬಾಗಿಲು ತೆರೆದರೆ ಬೆಟ್ಟ. ಬಟ್ಟೆ ಒಣಹಾಕುವಾಗ ನನ್ನ ಹೆಂಡತಿ ಮೋಡವೇನಾದರೂ ಕವಿದಿದೆಯೇ ಎಂದು ಅದರ ನೆತ್ತಿಯನ್ನಾದರೂ ನೋಡುತ್ತಾಳೆ. ನಾನು ಅಷ್ಟನ್ನೂ ನೋಡಿದವನಲ್ಲ. ನೆಂಟರು ಯಾರಾದರೂ ಬಂದು "ಹತ್ತಿದ್ದೀರಾ?" ಎಂದರೆ "ಮಂಡಿನೋವು" ಎನ್ನುತ್ತಿದ್ದೆ. ಮಂಡಿನೋವು ಬರುವುದಕ್ಕೆ ಮೊದಲೂ ಅದನ್ನೇ ಹೇಳುತ್ತಿದ್ದೆ.

ಇಂಥ ನಾನು ಹೋದ ಬೇಸಿಗೆಯ ರಜೆಯಲ್ಲಿ ಸಮುದ್ರ ದಾಟಿ ಹೋಗಿ, ಲಂಡನ್ ನಗರದ ಕೋಟೆಯನ್ನು ಹಣ ಕೊಟ್ಟು ನೋಡಿ ಬಂದೆ. ನನ್ನ ಅಕ್ಕನ ಮಗ ಅಲ್ಲಿ ಕೆಲಸದಲ್ಲಿದ್ದಾನೆ. "ಮಾವ, ಟವರ್ ನೋಡದೆ ಊರಿಗೆ ಹೋದರೆ ಅಮ್ಮ ನನ್ನನ್ನು ಬೈಯುತ್ತಾಳೆ" ಎಂದು ಕರೆದುಕೊಂಡು ಹೋದ. ಅವನ ಹತ್ತು ವರ್ಷದ ಮಗಳೂ ಬಂದಳು. ನಲವತ್ತೆಂಟನೆಯ ವಯಸ್ಸಿಗೇ ನನ್ನನ್ನು 'ತಾತ' ಎಂದು ಕರೆಯುವ ಹಕ್ಕು ಪಡೆದಿರುವ ಹುಡುಗಿ ಅವಳು.

ಟಿಕೆಟ್ಟಿನ ಪೌಂಡನ್ನು ರೂಪಾಯಿಗೆ ಗುಣಿಸಬಾರದೆಂದು ಮೊದಲೇ ಎಚ್ಚರಿಕೆ ಕೊಟ್ಟಿದ್ದರು. ಗುಣಿಸಿದೆ. ಆ ಸಂಕಟದಲ್ಲಿಯೇ ಒಳಗೆ ಹೋದೆ. ನಡುವೆ ನಿಂತಿರುವ ಬಿಳಿಯ ಗೋಪುರವನ್ನು ಕಟ್ಟಿಸಲು ತೊಡಗಿದವನು ಇಂಗ್ಲೆಂಡನ್ನು ಗೆದ್ದ ನಾರ್ಮನ್ ದೊರೆ ವಿಲಿಯಂ. ಒಂಬೈನೂರು ವರ್ಷಗಳಿಗೂ ಹಿಂದಿನ ಮಾತು. ಎತ್ತರ ಸುಮಾರು 90 ಅಡಿ. ನಮ್ಮ ಬೆಟ್ಟದ ಕೆಳಗೆ ತಂದು ನಿಲ್ಲಿಸಿದರೆ ಯಾರೋ ಮರೆತುಹೋದ ಪೆಟ್ಟಿಗೆಯಂತೆ ಕಂಡೀತು. ಮನಸ್ಸಿನಲ್ಲಿ ಹೀಗೆ ಸ್ವಲ್ಪ ಜಂಬ ಪಟ್ಟುಕೊಂಡೆ. ಹತ್ತದೆ ಇದ್ದ ಬೆಟ್ಟದ ಬಗ್ಗೆ ಜಂಬ!

ಆ ಜಂಬ ಹೆಚ್ಚು ಹೊತ್ತು ಉಳಿಯಲಿಲ್ಲ. ಅಲ್ಲಿಯ ಕಾವಲುಗಾರರು ಸೈನ್ಯದಲ್ಲಿ ಬಹುಕಾಲ ದುಡಿದು ಬಂದವರು; ಹೆಂಡತಿ ಮಕ್ಕಳೊಡನೆ ಕೋಟೆಯೊಳಗೇ ಸಂಸಾರ ಮಾಡುತ್ತಾರೆ. ಅವರಲ್ಲೊಬ್ಬ ನಮ್ಮನ್ನು ಒಂದು ಹುಲ್ಲುಹಾಸಿನ ಮುಂದೆ ನಿಲ್ಲಿಸಿದ. ಅಲ್ಲಿ ಗಾಜಿನದೊಂದು ದಿಂಬು. 1536ರಲ್ಲಿ ಆನ್ ಬೊಲೀನ್ ರಾಣಿಯ ತಲೆ ಕಡಿದದ್ದು ಅಲ್ಲಿ. 1554ರಲ್ಲಿ ಜೇನ್ ಗ್ರೇ ಎಂಬ ಎಳೆಯ ಹುಡುಗಿಯ ತಲೆ ಕಡಿದದ್ದೂ ಅಲ್ಲಿಯೇ. ಆಕೆಯನ್ನು ಹಿರಿಯರು ಸಿಂಹಾಸನದ ಮೇಲೆ ಕೂರಿಸಿದ್ದು ಒಂಬತ್ತು ದಿನ, ಮಿಕ್ಕದ್ದೆಲ್ಲ ಸೆರೆ. ಕಾವಲುಗಾರ ಕಥೆ ಹೇಳುವಾಗ, ಅಷ್ಟು ಹೊತ್ತು ಐಸ್‌ಕ್ರೀಮ್ ತಿನ್ನುತ್ತ ಗದ್ದಲ ಮಾಡುತ್ತಿದ್ದ ಜನ ಸುಮ್ಮನಾದರು. ಆಮೇಲೆ ಹತ್ತಿರದ ಗೋಪುರವೊಂದರ ಗೋಡೆಯಲ್ಲಿ, ಸೆರೆಯಾಳುಗಳು ಕೊರೆದ ಗುರುತುಗಳ ನಡುವೆ ನಾಲ್ಕೇ ಅಕ್ಷರಗಳ ಒಂದು ಹೆಸರನ್ನು ತೋರಿಸಿದರು. ಅವಳ ಗಂಡನೋ ಮೈದುನನೋ ಕೊರೆದದ್ದಂತೆ. ಹುಡುಗಿ ಬೆರಳಿಟ್ಟು ಓದಿದಳು: "ಜೇನ್."

ನನಗೆ ನಮ್ಮೂರು ನೆನಪಾಯಿತು. ಜೇನಿನ ಬೆಟ್ಟವೇ ಅಲ್ಲವೆ ಮಧುಗಿರಿ? ಮೇಷ್ಟರ ಬುದ್ಧಿ, ಶ್ಲೇಷೆ ಸಿಕ್ಕಿದರೆ ಬಿಡುವುದಿಲ್ಲ. ಶ್ಲೇಷೆಯ ಬೆನ್ನಹಿಂದೆಯೇ ಇನ್ನೊಂದು ನೆನಪೂ ಬಂತು. "ನಮ್ಮೂರ ಬೆಟ್ಟದ ಮೇಲೂ ಒಬ್ಬ ರಾಣಿಯನ್ನು ಸೆರೆಯಲ್ಲಿಟ್ಟಿದ್ದರು, ಗೊತ್ತೆ?" ಎಂದೆ.

"ಯಾವ ರೂಮಿನಲ್ಲಿ ತಾತ?"

ನಾನು ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಹುಡುಗನಂತೆ ಸುಮ್ಮನೆ ನಿಂತೆ.

ಆ ರಾಣಿ ಕೆಳದಿಯ ವೀರಮ್ಮಾಜಿ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಚೆನ್ನಮ್ಮಾಜಿಯನ್ನು ಎಲ್ಲರೂ ಬಲ್ಲರು. ಆ ಮನೆತನದ ಕೊನೆಯ ದೀಪ ಈ ವೀರಮ್ಮಾಜಿ. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದಾಗ ಇವಳನ್ನೂ ದತ್ತುಪುತ್ರನನ್ನೂ ಮಧುಗಿರಿಯ ದುರ್ಗಕ್ಕೆ ಕಳಿಸಿದ. ವರ್ಷದ ಅರ್ಧಭಾಗ ಮಳೆ ಹೊಯ್ಯುವ ಮಲೆನಾಡಿನ ಹೆಣ್ಣು, ಮಳೆಗಾಗಿ ಬಾಯಿಬಿಡುವ ನಮ್ಮ ಸೀಮೆಯ ಬೋಳು ಬಂಡೆಯ ಮೇಲೆ ನಾಲ್ಕು ವರ್ಷ ಕಳೆದಳು. 1767ರಲ್ಲಿ ಪೇಶ್ವೆ ಮಾಧವರಾಯನ ದಂಡು ಶಿರಾವನ್ನು ಹಿಡಿದು ಇಲ್ಲಿಗೂ ಬಂತು, ಬಿಡುಗಡೆಯಾಯಿತು. ಆದರೆ ಪುಣೆಗೆ ಹೋಗುವ ದಾರಿಯಲ್ಲಿಯೇ ಅವಳು ತೀರಿಕೊಂಡಳು. ಲಿಂಗಣ್ಣ ಕವಿಯ 'ಕೆಳದಿನೃಪವಿಜಯ'ದ ಮೇಲೆ ನಾನು ಎಷ್ಟೋ ವರ್ಷ ಟಿಪ್ಪಣಿ ಬರೆಸಿದ್ದೇನೆ: ಕಾಲ, ಛಂದಸ್ಸು, ಚಂಪೂ ಲಕ್ಷಣ. ಆ ಅರಸುಮನೆತನದ ಕಥೆ ಮುಗಿದದ್ದು ನಮ್ಮ ಕಿಟಕಿಯಾಚೆಯ ಬಂಡೆಯ ಮೇಲೆ ಎಂದು ಒಂದು ದಿನವೂ ಹುಡುಗರಿಗೆ ಹೇಳಿದವನಲ್ಲ.

ಊರಿಗೆ ಬಂದ ಮೂರನೆಯ ಭಾನುವಾರ, ಬೆಳಗಿನ ಆರು ಗಂಟೆಗೆ, ಬೆಟ್ಟದ ಬುಡದಲ್ಲಿ ನಿಂತಿದ್ದೆ. ಹೆಂಡತಿ ಮಂಡಿಗೆ ಎಣ್ಣೆ ತಿಕ್ಕಿ, ಬುತ್ತಿ ಕಟ್ಟಿ, ನಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕಳಿಸಿದ್ದಳು. ಕುರಿ ಹೊಡೆದುಕೊಂಡು ಹೋಗುತ್ತಿದ್ದ ಮುದುಕನೊಬ್ಬ "ಏನ್ ಮೇಷ್ಟ್ರೇ, ದಾರಿ ತಪ್ಪಿದಿರಾ?" ಎಂದ. ಹತ್ತುವುದಕ್ಕೆ ಎಂದಾಗ, "ಹಂಗಾರೆ ನಮ್ಮ ಕುರಿ ಹತ್ತಿದ ಬೆಟ್ಟಾನ ಈಗ ನೀವು ಹತ್ತೀರಿ ಅನ್ನಿ" ಎಂದು ನಕ್ಕು, ಕಥೆ ಹೇಳಿದ. ರಾಜ ಹಿರೇಗೌಡನ ಕುರಿಯೊಂದು ತಪ್ಪಿಸಿಕೊಂಡು ಬೆಟ್ಟಕ್ಕೆ ಹೋಗಿ, ಮೈಯೆಲ್ಲ ತೊಯ್ದು ಬಂತಂತೆ. ಮೇಲೆ ನೀರಿದೆ ಎಂದು ಗೌಡನಿಗೆ ಗೊತ್ತಾಯಿತು. ನೀರಿರುವ ಕಡೆ ಕೋಟೆ ಕಟ್ಟಿಸಿದ. ಆ ಪಾಳೆಯಗಾರರಿಂದ 1678ರಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರು ಕೋಟೆಯನ್ನು ಗೆದ್ದರು. ಕಲ್ಲಿನಲ್ಲಿ ಅದನ್ನು ಬಲಪಡಿಸಿದವನು ಹೈದರಾಲಿ. ಈ ಎರಡನ್ನೂ ನಾನು ಪುಸ್ತಕದಲ್ಲಿ ಓದಿದ್ದೆ. ಮುದುಕನಿಗೆ ಕುರಿಯೇ ಮುಖ್ಯ. ವೀರಮ್ಮಾಜಿಯನ್ನು ಕೇಳಿದೆ. "ಆ ಯಮ್ಮ ಯಾರೋ ನಂಗೆ ತಿಳೀದು ಸ್ವಾಮಿ" ಎಂದ.

ಮೊದಲಿನ ಬಾಗಿಲುಗಳವರೆಗೆ ಮೆಟ್ಟಿಲುಗಳಿವೆ, ಗೌರವವಾಗಿ ಹತ್ತಬಹುದು. ಆಮೇಲೆ ಬಂಡೆ ತನ್ನ ನಿಜಸ್ವರೂಪ ತೋರಿಸುತ್ತದೆ. ಕಾಲಿಡಲು ಕೊರೆದ ಗುಳಿ, ಕೈಗೆ ಕಬ್ಬಿಣದ ಕಂಬಿ, ಪಕ್ಕಕ್ಕೆ ನೋಡಿದರೆ ಆಕಾಶ. ಎರಡು ಕಡೆ ಕುಳಿತುಕೊಂಡೇ ಏರಿದೆ, ಎಂ.ಎ. ಪದವಿ ಅಲ್ಲಿ ಯಾವ ಉಪಯೋಗಕ್ಕೂ ಬರಲಿಲ್ಲ. ಪಲ್ಲಕ್ಕಿ ಈ ದಾರಿಯಲ್ಲಿ ಹೋಗಲಾರದು. ಹಾಗಾದರೆ ರಾಣಿ ಹೇಗೆ ಹತ್ತಿದಳು? ಈ ಗುಳಿಗಳಲ್ಲಿಯೇ ಕಾಲಿಟ್ಟಳೆ? ಹಿಂದಿನಿಂದ ಯಾರಾದರೂ ಕೈ ಕೊಟ್ಟರೆ? ಪುಸ್ತಕದಲ್ಲಿ ಎಂದೂ ಏಳದಿದ್ದ ಪ್ರಶ್ನೆಗಳು ಮಂಡಿಯ ನೋವಿನಲ್ಲಿ ಎದ್ದವು.

ನೆತ್ತಿಯಲ್ಲಿ ಪಾಳುಬಿದ್ದ ಗೋಪಾಲಕೃಷ್ಣನ ಗುಡಿ, ಅದನ್ನು ಕಾಯುವಂತೆ ಗಾಳಿ. ಉತ್ತರಕ್ಕೆ ಮಿಡಿಗೇಶಿಯ ದುರ್ಗ, ಅದರಾಚೆ ಪಾವಗಡದ ದಾರಿ. ದಕ್ಷಿಣಕ್ಕೆ ಕೊರಟಗೆರೆಯ ಕಡೆ ಚನ್ನರಾಯನದುರ್ಗ. ಸುತ್ತ ಹುಡುಕಿದೆ. ರಾಣಿಯ ಹೆಸರು ಹೇಳುವ ಒಂದು ಕಲ್ಲೂ ನನಗೆ ಕಾಣಲಿಲ್ಲ. ಹೆಸರುಗಳಿಗೇನೂ ಬರವಿರಲಿಲ್ಲ, ಹತ್ತಿ ಬಂದ ಹುಡುಗರು ಗೋಡೆ ಗೋಡೆಯ ಮೇಲೂ ಬಣ್ಣದಲ್ಲಿ ತಂತಮ್ಮ ಹೆಸರನ್ನೂ ಹೃದಯವನ್ನೂ ಅದಕ್ಕೆ ನೆಟ್ಟ ಬಾಣವನ್ನೂ ಬರೆದಿದ್ದರು. ಅವುಗಳಲ್ಲಿ ಒಂದೆರಡು ನನ್ನ ತರಗತಿಯವೇ. ಕಾಗುಣಿತದಿಂದ ಗುರುತು ಹಿಡಿದೆ. ಸಿಟ್ಟು ಬಂತು. ಮರುಕ್ಷಣವೇ ಇಳಿಯಿತು. ಅಲ್ಲಿ ಯಾರ ಹೆಸರಿರಬೇಕೆಂದು ಅವರಿಗೆ ಹೇಳಬೇಕಾಗಿದ್ದವನು ನಾನಲ್ಲವೆ?

ಮರುದಿನ ಕುಂಟುತ್ತ ತರಗತಿಗೆ ಹೋದೆ. ಟಿಪ್ಪಣಿಯ ಪುಸ್ತಕ ಮುಚ್ಚಿಟ್ಟು ಕಿಟಕಿ ತೆರೆದು, ಶಿರಾ, ಕೊರಟಗೆರೆ, ಪಾವಗಡದ ಕಡೆಯಿಂದ ಬಸ್ಸಿನಲ್ಲಿ ಬರುವ ಆ ಮಕ್ಕಳಿಗೆ ವೀರಮ್ಮಾಜಿಯ ಕಥೆ ಹೇಳಿದೆ. ಲಂಡನ್ನಿನ ಕಾವಲುಗಾರನಷ್ಟು ಚೆನ್ನಾಗಿ ಹೇಳಿದೆನೆಂದು ಕೊಚ್ಚಿಕೊಳ್ಳಲಾರೆ; ಆದರೂ ಗದ್ದಲ ನಿಂತಿತು. ಹಿಂದಿನ ಬೆಂಚಿನ ಹುಡುಗನೊಬ್ಬ ತಲೆ ತಗ್ಗಿಸಿದ್ದು ಏಕೆಂದು ನನಗೆ ಗೊತ್ತಿತ್ತು, ಕೇಳಲಿಲ್ಲ.

ಗಂಟೆ ಹೊಡೆದ ಮೇಲೂ ಪಾವಗಡದ ಕಡೆಯ ಒಬ್ಬ ಹುಡುಗಿ ಕಿಟಕಿಯ ಬಳಿ ನಿಂತೇ ಇದ್ದಳು. "ಸಾರ್, ಅಲ್ಲಿಂದ ಅವಳಿಗೆ ಅವಳ ಊರು ಕಾಣ್ತಿತ್ತಾ?" ಎಂದಳು.

"ಇಲ್ಲಮ್ಮ, ಅಷ್ಟು ದೂರ ಕಾಣುವುದಿಲ್ಲ" ಎಂದೆ.

"ಆದ್ರೂ ಆ ಕಡೆ ನೋಡ್ತಿರ್ತಾಳೆ, ಅಲ್ವಾ ಸಾರ್?"

ಈ ಸಲ ನನಗೆ ಉತ್ತರ ಗೊತ್ತಿತ್ತು. ಹೌದು ಎಂದೆ.