ಅವರೆಕಾಳು ಪಾಠ

ಈಗಷ್ಟೇ ಅಡುಗೆಮನೇಲಿ ಕಂಡದ್ದು. ಅಮ್ಮ ಅವರೆಕಾಯಿ ಸುಲೀತಾ ಕೂತಿದ್ರು, ಪಕ್ಕದಲ್ಲಿ ನಮ್ಮ ಒಂದೂವರೆ ವರ್ಷದ ಪುಟ್ಟಿ. ಒಂದು ಕಾಳೆತ್ತಿ "ಕಾಯೂ" ಅಂದಳು.

"ಹೂಂ ಕಣಮ್ಮಾ, ಕಾಳು. ಹಸಿರು ಕಾಳು. ಬಟ್ಟಲಿಗೆ ಹಾಕ್ತೀಯಾ?" ಅಂತ ಕೇಳಿ ಅಮ್ಮ ಸುಮ್ಮನಾದ್ರು. ತಿದ್ದಲಿಲ್ಲ, ಅವಸರಾನೂ ಮಾಡಲಿಲ್ಲ. ಪುಟ್ಟಿ ಒಂದು ಗಳಿಗೆ ಮುಖ ನೋಡಿ "ಆಕು!" ಅಂತ ಹಾಕೇಬಿಟ್ಟಳು.

ನಾನಾದ್ರೆ ಚಿತ್ರದ ಕಾರ್ಡ್ ಹಿಡಿದು "ಇದೇನು? ಹೇಳು, ಹೇಳು" ಅಂತ ವೈವಾ ತಗೋತೀನಿ. ಅವಳ ಬಾಯಿಗೆ ಬೀಗ. (ಕಾರ್ಡಿಗೆ ಕೊಟ್ಟ ದುಡ್ಡು ಕೇಳಬೇಡಿ.) ಮಗು ಅಂದದ್ದಕ್ಕೆ ಇನ್ನೊಂದು ಪದ ಸೇರಿಸಿ ವಾಪಸ್ ಕೊಡಿ, ಆಮೇಲೆ ಕಾಯಿರಿ ಅಂತ ವಾಕ್‌ಚಿಕಿತ್ಸಕರು ಹೇಳೋದೂ ಅಮ್ಮ ಮಾಡಿದ್ದನ್ನೇ. 2 ವರ್ಷದ ಹೊತ್ತಿಗೆ ಮಕ್ಕಳು "ಅಜ್ಜಿ ಬಾ" ಥರ ಎರಡು ಪದ ಜೋಡಿಸ್ತಾರಂತೆ. ಅಲ್ಲೀತನಕ ಬಾಯಿ ಮುಚ್ಚಿಕೊಂಡು ಕಾಯೋದೇ ನನಗೆ ಕಷ್ಟ.

ನಮ್ಮ ಪುಟ್ಟಿಗೆ ಕಾಳು "ಕಾಯೂ"; ನಿಮ್ಮನೇಲಿ ಮಕ್ಕಳು ಟೊಮ್ಯಾಟೊಗೆ ಏನಂತಿದ್ರು?