ಮನೆಗೆ ಬಣ್ಣ ಹಚ್ಚಿಸುವ ಮುನ್ನ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕೇಳದವರಿಲ್ಲ. ನಮ್ಮ ಪಾಲಿಗೆ ಇವೆರಡರ ಕಷ್ಟವೂ ಒಂದೇ ತಿಂಗಳಲ್ಲಿ ಒದಗಿಬಂದಿತು. ೨೦೧೮ರ ಮೇ ತಿಂಗಳಲ್ಲಿ ನಮ್ಮ ಹಿರಿಯ ಮಗಳ ವಿವಾಹ ನಿಶ್ಚಯವಾಗಿತ್ತು. ಧಾರವಾಡದ ನಮ್ಮ ಮನೆಯನ್ನು ನಾವು ಕಟ್ಟಿಸಿದ್ದು ೧೯೯೪ರಲ್ಲಿ. ಬೀಗರು ಬರುವ ಹೊತ್ತಿಗೆ ಮನೆ ಚೊಕ್ಕಟವಾಗಿರಬೇಕೆಂಬ ಆಸೆಯಿಂದ ಅದಕ್ಕೆ ಬಣ್ಣ ಹಚ್ಚಿಸಲು ಮುಂದಾದೆವು. ಆಗ ನಾವು ಬಣ್ಣದವರನ್ನು ಆರಿಸಿದ ಬಗೆ, ಅವರೊಡನೆ ನಡೆದುಕೊಂಡ ರೀತಿ, ಆರು ವರ್ಷಗಳ ಅನಂತರ ನಮ್ಮ ಕಣ್ಣು ತೆರೆದ ಪ್ರಸಂಗ, ಇವನ್ನು ಓದುಗ ಬಂಧುಗಳ ಮುಂದೆ ಇಡಬೇಕೆನಿಸಿದೆ. ಇದರಲ್ಲಿ ನಮ್ಮ ಹೆಮ್ಮೆಯ ಸಂಗತಿ ಏನೂ ಇಲ್ಲವೆಂದು ಮೊದಲೇ ತಿಳಿಸಿಬಿಡುವುದು ಒಳಿತು.

ಅಂದು ಮೂವರು ಬಂದು ಮನೆ ನೋಡಿಹೋದರು. ಬಣ್ಣದ ಸಾಮಾನು ನಮ್ಮದು, ಕೂಲಿ ಮಾತ್ರ ಅವರದು ಎಂಬ ಒಪ್ಪಂದ. ಒಬ್ಬರು ೫೫,೦೦೦ ರೂಪಾಯಿ ಕೇಳಿದರು, ಇನ್ನೊಬ್ಬರು ೪೮,೦೦೦. ಮೂರನೆಯವನು ಮೂವತ್ತರ ಆಸುಪಾಸಿನ ತರುಣ. ಆತ ೪೫,೦೦೦ ಎಂದ. ನಾವು ಚೌಕಾಸಿ ಮಾಡಿ ೩೮,೦೦೦ಕ್ಕೆ ಇಳಿಸಿದೆವು. ಕಾಗದದ ಮೇಲೆ ಏನನ್ನೂ ಬರೆಯಲಿಲ್ಲ. ಕಡಿಮೆ ದರಕ್ಕೆ ಒಪ್ಪಿಸಿದೆವೆಂಬ ಸಂತೋಷದಲ್ಲಿ ಉಳಿದುದೊಂದೂ ಮುಖ್ಯವೆನಿಸಲಿಲ್ಲ.

ಕೆಲಸ ಆರಂಭಿಸುವ ದಿನ ಆ ತರುಣ ನಡುಮನೆಯ ಉತ್ತರದ ಗೋಡೆಯ ಮೇಲೆ ಕೈಯಿಟ್ಟು, "ಸರ್, ಈ ಗ್ವಾಡಿ ಹಸಿ ಐತ್ರಿ. ಮೊದಲ ನೀರು ಎಲ್ಲಿಂದ ಬರ್ತೈತಿ ನೋಡಿ ಬಂದ್ ಮಾಡಸ್ರಿ. ಆಮ್ಯಾಲ ಬಣ್ಣ ಹಚ್ಚೂಣು" ಎಂದ. ನಾವು, "ಮದುವಿಗೆ ಇಪ್ಪತ್ತ ದಿನಾ ಉಳದಾವಪಾ. ಅದನ್ನೆಲ್ಲಾ ಆಮ್ಯಾಲ ನೋಡೂಣು, ನೀ ಹಚ್ಚಿಬಿಡು" ಎಂದೆವು. ಆತ ಮತ್ತೆ ಮಾತನಾಡಲಿಲ್ಲ. ಮೂವರು ಹುಡುಗರನ್ನು ಕಟ್ಟಿಕೊಂಡು ಹನ್ನೆರಡು ದಿನಗಳಲ್ಲಿ ಕೆಲಸ ಮುಗಿಸಿದ. ಮನೆ ಹೊಸದಾಗಿ ಕಂಡಿತು. ಬಂದವರೆಲ್ಲ ಹೊಗಳಿದರು. ಕೊನೆಯ ಕಂತಿನ ೮,೦೦೦ ರೂಪಾಯಿಯನ್ನು ಮದುವೆ ಮುಗಿದ ಮೇಲೆ ಕೊಡುವೆವೆಂದು ಹೇಳಿ ಕಳಿಸಿದೆವು. ಮದುವೆಯೂ ಮುಗಿಯಿತು. ಆತ ಎರಡು ಸಲ ಬಂದಾಗಲೂ ಬೇರೆ ಖರ್ಚಿನ ನೆಪ ಹೇಳಿದೆವು.

ಆಷಾಢ ಕಳೆದು ಶ್ರಾವಣ ಬಂದಿತು. ಧಾರವಾಡದ ಜಿಟಿಜಿಟಿ ಮಳೆಯನ್ನು ಬಲ್ಲವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಉತ್ತರದ ಗೋಡೆಯಲ್ಲಿ ಮೊದಲು ಗುಳ್ಳೆಗಳೆದ್ದವು. ಬಳಿಕ ಬಣ್ಣ ಹಕ್ಕಳೆ ಹಕ್ಕಳೆಯಾಗಿ ಕಿತ್ತು ಬಂದು ಬಿಳಿಯ ಪುಡಿ ಉದುರತೊಡಗಿತು. ನಮ್ಮ ಸಿಟ್ಟಿಗೆ ಪಾರವಿಲ್ಲದಂತಾಯಿತು. ಆ ತರುಣ ಮೂರನೆಯ ಸಲ ಬಂದಾಗ ಬಾಗಿಲಲ್ಲಿಯೇ ನಿಲ್ಲಿಸಿ, ಕೆಟ್ಟ ಕೆಲಸಕ್ಕೆ ಕೂಲಿಯಿಲ್ಲವೆಂದು ಹೇಳಿ ಕಳಿಸಿದೆವು. ಅಷ್ಟಕ್ಕೇ ನಿಲ್ಲದೆ, ನೆರೆಹೊರೆಯವರು ಕೇಳಿದಾಗಲೆಲ್ಲ ಅವನನ್ನು ಕರೆಯಬೇಡಿರೆಂದು ಹೇಳಿದೆವು. ಗೋಡೆಯ ಮೇಲೊಂದು ದೊಡ್ಡ ಕ್ಯಾಲೆಂಡರ್ ತೂಗುಹಾಕಿ ಕಲೆಯನ್ನು ಮರೆಮಾಡಿದೆವು.

೨೦೨೪ರ ಸೆಪ್ಟೆಂಬರಿನಲ್ಲಿ, ಮಗಳು ಮೂರು ವರ್ಷದ ಮೊಮ್ಮಗನೊಡನೆ ದೀಪಾವಳಿಗೆ ಬರುವಳೆಂದು ಮತ್ತೆ ಬಣ್ಣದ ವಿಚಾರ ಎತ್ತಿದೆವು. ಈ ಸಲ ಬಂದವರಲ್ಲಿ ಒಬ್ಬರು ಹಿರಿಯರು. ನಲವತ್ತು ವರ್ಷ ಇದೇ ಕಾಯಕದಲ್ಲಿ ಸವೆದವರು. ಉಳಿದವರು ಬಂದೊಡನೆ ಬಣ್ಣದ ಪುಸ್ತಕ ಬಿಚ್ಚಿದರೆ, ಇವರು ಅದನ್ನು ತೆರೆಯಲೇ ಇಲ್ಲ. ಕ್ಯಾಲೆಂಡರನ್ನು ಪಕ್ಕಕ್ಕೆ ಸರಿಸಿ, ಬೆರಳ ಗೆಣ್ಣಿನಿಂದ ಗೋಡೆಯನ್ನು ತಟ್ಟುತ್ತ ಹೋದರು. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಹಚ್ಚಿ, ನಾಲ್ಕೂ ಅಂಚಿಗೆ ಟೇಪು ಅಂಟಿಸಿ, ನಾಳೆ ಬರುವೆನೆಂದು ಹೊರಟುಹೋದರು. ಮರುದಿನ ಬಂದು ನೋಡಿದಾಗ ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆಯ ಕಡೆಯ ಮೈಯಲ್ಲಿ, ನೀರ ಹನಿಗಳಿದ್ದವು. ಹನಿ ಹೊರಮೈಯಲ್ಲಿದ್ದರೆ ಅದು ಕೋಣೆಯ ಗಾಳಿಯ ತೇವ, ಒಳಮೈಯಲ್ಲಿದ್ದರೆ ಗೋಡೆಯ ಒಡಲಿನದು ಎಂದು ವಿವರಿಸಿದರು. ಅನಂತರ ತಾರಸಿಯನ್ನೇರಿ, ಮಳೆನೀರು ಇಳಿಯುವ ಕೊಳವೆಯ ಬಾಯಲ್ಲಿದ್ದ ಬಿರುಕನ್ನು ತೋರಿಸಿದರು. ವರ್ಷ ವರ್ಷವೂ ಅಲ್ಲಿಂದ ನೀರು ಗೋಡೆಗೆ ಇಳಿಯುತ್ತಿತ್ತು. ಇಟ್ಟಿಗೆ ಸಿಮೆಂಟುಗಳಲ್ಲಿರುವ ಉಪ್ಪು ಆ ನೀರಿನಲ್ಲಿ ಕರಗಿ ಹೊರಮೈಗೆ ಬರುತ್ತದೆ. ನೀರು ಆರಿದಾಗ ಉಪ್ಪು ಹರಳುಗಟ್ಟಿ ಬಣ್ಣವನ್ನು ಒಳಗಿನಿಂದ ತಳ್ಳುತ್ತದೆ. ನಾವು ಕಂಡ ಬಿಳಿಯ ಪುಡಿ ಅದೇ.

ಅವರು ಎದುರಿನ ಗೋಡೆಯ ಮೂಲೆಯೊಂದನ್ನು ಚಾಕುವಿನಿಂದ ಕೆರೆದು ನೋಡಿ ಹೇಳಿದ ಮಾತು ನಮ್ಮನ್ನು ನಿಂತಲ್ಲಿಯೇ ನಿಲ್ಲಿಸಿತು: "ಹಿಂದ ಹಚ್ಚಿದಾಂವ ಕೆಲಸಾ ಕೆಡಿಸಿಲ್ರಿ ಸರ್. ಪುಟ್ಟಿ ಸರಿ ಐತಿ, ಪ್ರೈಮರೂ ಬಿದ್ದೈತಿ. ಅದ ಕೈ ಹಚ್ಚಿದ ಈ ಗ್ವಾಡಿ ನೋಡ್ರಿ, ಇನ್ನೂ ಗಟ್ಟಿ ಐತಿ. ಆ ಗ್ವಾಡ್ಯಾಗ ನೀರು ಇತ್ತು. ಯಾರು ಹಚ್ಚಿದ್ರೂ ಹಿಂಗ ಆಗ್ತಿತ್ತು."

ಆರು ವರ್ಷ ಆ ಎದುರಿನ ಗೋಡೆಯನ್ನು ದಿನವೂ ನೋಡುತ್ತಿದ್ದೆವು. ಅದು ಚೆನ್ನಾಗಿದೆಯೆಂಬುದು ನಮ್ಮ ಗಮನಕ್ಕೇ ಬಂದಿರಲಿಲ್ಲ. ದೋಷವನ್ನು ಮೊದಲ ದಿನವೇ ತೋರಿಸಿದವನಿಗೇ ಆ ದೋಷದ ದಂಡ ಹಾಕಿದ್ದೆವು. ನಾವು ಬೇಡಬೇಡವೆಂದರೂ ಎಚ್ಚರಿಸಿದ ಅಂಥ ಕೆಲಸಗಾರನೇ ನಿಜವಾಗಿ ಆರಿಸಿಕೊಳ್ಳಲು ಯೋಗ್ಯನೆಂಬುದು ನಮಗೆ ಆಗ ಹೊಳೆಯಿತು.

ಆ ಹಿರಿಯರು ಈ ಸಲ ಕೆಲಸ ನಡೆಸಿಕೊಟ್ಟ ಕ್ರಮದಿಂದ ನಾವು ಕಲಿತುದನ್ನು, ಅನ್ಯ ಕುಟುಂಬಗಳಿಗೂ ಉಪಯೋಗವಾದೀತೆಂದು, ಇಲ್ಲಿ ಹೇಳುತ್ತೇವೆ.

ಮೊದಲನೆಯದು ಅಳತೆ. ಬಣ್ಣದ ಕೂಲಿ ನೆಲದ ಅಳತೆಯ ಮೇಲಲ್ಲ, ಗೋಡೆಯ ಅಳತೆಯ ಮೇಲೆ. ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆಯ ನೆಲ ೧೨೦ ಚದರ ಅಡಿ. ಅದರ ನಾಲ್ಕು ಗೋಡೆಗಳು ೪೪೦, ಮೇಲ್ಛಾವಣಿ ೧೨೦, ಒಟ್ಟು ೫೬೦ ಚದರ ಅಡಿ. ಮೂರಡಿ ಅಗಲ ಏಳಡಿ ಎತ್ತರದ ಒಂದು ಬಾಗಿಲು, ನಾಲ್ಕಡಿ ಚೌಕದ ಎರಡು ಕಿಟಕಿಗಳೆಂದು ೫೩ ಕಳೆದರೆ ೫೦೭ ಉಳಿಯುತ್ತದೆ. ಬಾಗಿಲು ಕಿಟಕಿಗಳನ್ನು ಕಳೆಯುವರೋ ಇಲ್ಲವೋ ಎಂಬುದನ್ನು ಮೊದಲೇ ಮಾತಾಡಿ, ಟೇಪು ಹಿಡಿದು ಇಬ್ಬರೂ ಕೂಡಿಯೇ ಅಳೆಯಬೇಕು. ಹೀಗೆ ಮಾಡಿದರೆ ಕೊನೆಗೆ ಜಗಳಕ್ಕೆ ಎಡೆಯಿರುವುದಿಲ್ಲ.

ಎರಡನೆಯದು ಬರವಣಿಗೆ. ಹಳೆಯ ಬಣ್ಣ ಕೆರೆಯುವುದು, ಬಿರುಕು ತುಂಬುವುದು, ಪುಟ್ಟಿ ಎಷ್ಟು ಸಲ, ಪ್ರೈಮರ್ ಎಷ್ಟು ಸಲ, ಮೇಲಿನ ಬಣ್ಣ ಎಷ್ಟು ಸಲ, ಬಣ್ಣದ ಹೆಸರು ಮತ್ತು ಅದರ ಸಂಖ್ಯೆ, ಸಾಮಾನು ಮುಚ್ಚುವವರಾರು, ಕಸ ತೆಗೆಯುವವರಾರು ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ರುಜು ಹಾಕಬೇಕು. ಮೂವರಿಂದ ದರ ಕೇಳುವಾಗ ಮೂವರಿಗೂ ಇದೇ ಹಾಳೆಯನ್ನು ತೋರಿಸಬೇಕು. ಒಬ್ಬರು ಎರಡು ಸಲ ಪುಟ್ಟಿಯ ಲೆಕ್ಕದಲ್ಲಿಯೂ ಇನ್ನೊಬ್ಬರು ಪುಟ್ಟಿಯೇ ಇಲ್ಲದ ಲೆಕ್ಕದಲ್ಲಿಯೂ ದರ ಹೇಳಿದರೆ ಯಾವುದು ಕಡಿಮೆಯೆಂದು ತಿಳಿಯುವುದು ಹೇಗೆ? ೨೦೧೮ರಲ್ಲಿ ನಾವು ಹೋಲಿಸಿದ್ದು ಬರಿಯ ಅಂಕಿಗಳನ್ನು.

ಮೂರನೆಯದು ಹಳೆಯ ಕೆಲಸವನ್ನು ಕಂಡುಬರುವುದು. ಹೋದ ತಿಂಗಳು ಹಚ್ಚಿದ ಮನೆ ಯಾರದಾದರೂ ಚೆಂದವೇ. ಎರಡು ಮೂರು ಮಳೆಗಾಲ ಕಂಡ ಮನೆಯನ್ನು ತೋರಿಸಿರೆಂದು ಕೇಳಬೇಕು. ಆ ಮನೆಯವರನ್ನು ಮಾತಾಡಿಸಿದರೆ ಕೆಲಸಗಾರರ ನಡೆನುಡಿಯೂ ತಿಳಿಯುತ್ತದೆ.

ನಾಲ್ಕನೆಯದು ಸಾಮಾನು. ಡಬ್ಬಿಗಳನ್ನು ಮನೆಯವರ ಎದುರಿನಲ್ಲಿಯೇ ತೆರೆಯಬೇಕು. ನೀರು ಎಷ್ಟು ಬೆರೆಸಬೇಕು, ಒಂದು ಸಲ ಹಚ್ಚಿದ ಮೇಲೆ ಎಷ್ಟು ಹೊತ್ತು ಬಿಡಬೇಕು ಎಂಬುದು ಡಬ್ಬಿಯ ಮೇಲೆಯೇ ಇರುತ್ತದೆ. ಹೆಚ್ಚು ನೀರು ಬೆರೆಸಿದರೆ ಬಣ್ಣ ತೆಳುವಾಗಿ ಬೇಗನೆ ಮಾಸುತ್ತದೆ. ಕೆಲವು ಕಂಪನಿಗಳು ಡಬ್ಬಿಯೊಳಗೆ ಪೇಂಟರುಗಳಿಗಾಗಿ ಟೋಕನ್ ಇಡುವ ರೂಢಿಯುಂಟು. ಆದುದರಿಂದ ಒಂದೇ ಕಂಪನಿಯ ಮಾಲು ತರಿಸಲು ಯಾರಾದರೂ ಹಟ ಹಿಡಿದರೆ ಕಾರಣ ಕೇಳುವುದು ತಪ್ಪಲ್ಲ.

ಐದನೆಯದು ಮಕ್ಕಳ ಆರೋಗ್ಯ. ಇದನ್ನು ನಾವು ಹಿಂದೆ ಯೋಚಿಸಿಯೇ ಇರಲಿಲ್ಲ. ಹಳೆಯ ಬಣ್ಣಗಳಲ್ಲಿ, ಮುಖ್ಯವಾಗಿ ಬಾಗಿಲು ಕಿಟಕಿಗಳ ಎಣ್ಣೆಬಣ್ಣದಲ್ಲಿ, ಸೀಸ ಬೆರೆತಿರಬಹುದು. ಕೇಂದ್ರ ಸರಕಾರದ ೨೦೧೬ರ ನಿಯಮದಂತೆ ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ ೯೦ ಭಾಗವನ್ನು ಮೀರುವಂತಿಲ್ಲ. ಅದು ಜಾರಿಗೆ ಬಂದುದು ೨೦೧೭ರ ನವೆಂಬರ್ ೧ರಿಂದ. ನಮ್ಮ ಬಾಗಿಲುಗಳ ಬಣ್ಣವಾದರೋ ೧೯೯೪ರದು. ಅದನ್ನು ಒಣಗಿದಂತೆಯೇ ಉಪ್ಪುಕಾಗದದಿಂದ ತಿಕ್ಕಿದರೆ ಏಳುವ ಧೂಳು ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕ. ನೀರು ಚಿಮುಕಿಸಿ ಹಸಿಯಾಗಿ ತಿಕ್ಕಬೇಕು, ಕೆಲಸಗಾರರು ಮೂಗಿಗೆ ತಕ್ಕ ಮಾಸ್ಕ್ ಧರಿಸಬೇಕು, ಧೂಳನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಆ ದಿನಗಳಲ್ಲಿ ಮಕ್ಕಳೂ ಬಸುರಿಯರೂ ಆ ಮನೆಯಲ್ಲಿರಬಾರದು. ನಮ್ಮ ಮಗಳಿಗೆ ಬರುವ ದಿನವನ್ನು ಮುಂದೂಡಲು ಹೇಳಿದೆವು.

ಆರನೆಯದು ಕಾಲ. ದೀಪಾವಳಿಗೆ ಮುಗಿಸಿಕೊಡಿರೆಂಬ ನಮ್ಮ ಮಾತಿಗೆ ಆ ಹಿರಿಯರು ಒಪ್ಪಲಿಲ್ಲ. ತಾರಸಿಯ ಬಿರುಕು ಮುಚ್ಚಿಸಿ, ಹಾಳಾದ ಗಿಲಾವು ಕೆತ್ತಿಸಿ, ಗೋಡೆ ಒಣಗುವವರೆಗೆ, ಅಂದರೆ ಸಂಕ್ರಮಣದವರೆಗೆ ಕಾಯಿರಿ ಎಂದರು. ಹಬ್ಬದ ಮುಂಚೆ ಎಲ್ಲರೂ ಬಣ್ಣ ಹಚ್ಚಿಸುವುದರಿಂದ ಕೆಲಸಗಾರರಿಗೆ ಅವಸರ, ಮಳೆಯ ಬೆನ್ನಲ್ಲೇ ಗೋಡೆಯೂ ಹಸಿ. ಕೈಗೆ ಬಂದ ಕೆಲಸವನ್ನು ಮೂರು ತಿಂಗಳು ಮುಂದೂಡುವವರ ಮೇಲೆ ನಂಬಿಕೆ ಇಡಬಹುದೆಂದು ನಾವು ಒಪ್ಪಿದೆವು.

ಕೊನೆಯದು ಹಣ. ಸ್ವಲ್ಪ ಮುಂಗಡ, ಪುಟ್ಟಿ ಪ್ರೈಮರ್ ಆದ ಮೇಲೆ ಒಂದು ಕಂತು, ಮೊದಲ ಸಲ ಬಣ್ಣವಾದ ಮೇಲೆ ಇನ್ನೊಂದು, ಉಳಿದುದು ಹಗಲ ಬೆಳಕಿನಲ್ಲಿ ಎಲ್ಲ ಕೋಣೆಗಳನ್ನೂ ನೋಡಿದ ದಿನವೇ. ಪೂರ್ತಿ ಹಣವನ್ನು ಮೊದಲೇ ಕೊಡುವುದು ಅವಿವೇಕ. ಕೆಲಸ ಮುಗಿದ ಮೇಲೂ ಕೊಡದಿರುವುದು ಅನ್ಯಾಯ. ಕಾಯಕವೆಂದರೇನೆಂದು ಸಭೆಗಳಲ್ಲಿ ಕೇಳಿ ತಲೆದೂಗಿದ ನಾವು, ನಮ್ಮ ಮನೆಯ ಬಾಗಿಲಲ್ಲಿ ಕೂಲಿಗಾಗಿ ನಿಂತವನನ್ನು ಮೂರು ಸಲ ಬರಿಗೈಯಲ್ಲಿ ಕಳಿಸಿದ್ದೆವು.

ಹಳೆಯ ದಿನಚರಿಯಲ್ಲಿ ಆ ತರುಣನ ದೂರವಾಣಿ ಸಂಖ್ಯೆ ಸಿಕ್ಕಿತು. ಕರೆದಾಗ ಆತ ಕೂಡಲೇ ಗುರುತಿಸಿದ. ಬರಲು ಎರಡು ದಿನ ಹಿಡಿಯಿತು. ಬಂದ ದಿನ ಉತ್ತರದ ಗೋಡೆಯ ಗಿಲಾವನ್ನೆಲ್ಲ ಕೆತ್ತಿ ಹಾಕಿತ್ತು, ಇಟ್ಟಿಗೆ ಕಾಣುತ್ತಿತ್ತು. ನಮ್ಮ ಮನೆಯವರು ಚಹಾ ತಂದಿಟ್ಟರು. ತಪ್ಪು ನಮ್ಮದೆಂದು ಇಬ್ಬರೂ ಹೇಳಿದೆವು. ಆರು ವರ್ಷದ ಮೇಲೆ ಅದೇ ಮೊತ್ತ ಕೊಟ್ಟರೆ ಸಾಲದೆಂದು ೧೨,೦೦೦ ರೂಪಾಯಿಯನ್ನು ಆತನ ಮುಂದಿಟ್ಟೆವು. ಆತ ಎಂಟು ಸಾವಿರವನ್ನು ಎಣಿಸಿಕೊಂಡು ಉಳಿದುದನ್ನು ಮೇಜಿನ ಮೇಲೆ ಸರಿಸಿದ.

"ನನ್ನ ದುಡಿಮಿದು ಎಂಟ್ರಿ ಸರ್" ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದರಾಗ ಹುಡುಗರ ಪಗಾರ ಇತ್ರಿ. ಆಗ ಸಾಲಾ ಮಾಡಿ ಕೊಟ್ಟೆ" ಎಂದ.

ನಮ್ಮಲ್ಲಿ ಅದಕ್ಕೆ ಉತ್ತರವಿರಲಿಲ್ಲ. ನೆರೆಹೊರೆಯಲ್ಲಿ ನಾವು ಆಡಿದ ಮಾತುಗಳಿಂದ ಆತನಿಗೆ ತಪ್ಪಿದ ಕೆಲಸಗಳೆಷ್ಟೋ, ಅವುಗಳ ಲೆಕ್ಕ ಎಂಟರಲ್ಲಿಯೂ ಇಲ್ಲ, ಹನ್ನೆರಡರಲ್ಲಿಯೂ ಇಲ್ಲ. ಮರುದಿನದಿಂದ ಆ ಮನೆಗಳಿಗೆ ಒಂದೊಂದಾಗಿ ಹೋಗಿ ನಡೆದುದನ್ನು ಹೇಳಿ ಬಂದೆವು. ಆತನ ದೂರವಾಣಿ ಸಂಖ್ಯೆಯನ್ನೂ ಕೊಟ್ಟೆವು.

ಹೊರಡುವಾಗ ಆತ ಇಟ್ಟಿಗೆಯ ಗೋಡೆಯ ಬಳಿ ನಿಂತು, ಹಿಂದಿನಂತೆಯೇ ಕೈಯಿಟ್ಟು ನೋಡಿದ. "ಈಗ ಒಣಗ್ತೈತ್ರಿ. ಅವಸರಾ ಮಾಡಬ್ಯಾಡ್ರಿ" ಎಂದ. ಈ ಸಲ ಅವನ ಮಾತನ್ನು ಕೇಳಿದೆವು. ೨೦೨೫ರ ಸಂಕ್ರಮಣ ಕಳೆದ ಮೇಲೆಯೇ ಆ ಗೋಡೆಗೆ ಬಣ್ಣ ಹಚ್ಚಿಸಿದೆವು.

ಬಂಧುಗಳೇ, ನಿಮ್ಮ ಮನೆಗೆ ಬಣ್ಣದವರು ಬಂದಾಗ ಅವರು ಕೇಳುವ ಹಣಕ್ಕಿಂತ ಮೊದಲು ಅವರು ಗೋಡೆಯ ವಿಷಯ ಹೇಳುವ ಮಾತಿಗೆ ಕಿವಿಗೊಡಿರಿ. ಕೆಲಸ ಮುಗಿದ ದಿನ ಕೂಲಿಯನ್ನು ಮುಗಿಸಿರಿ. ಇಷ್ಟೇ ನಮ್ಮ ವಿನಂತಿ. ಶರಣು.