ಇಂಗ್ಲಿಷ್ ನಿಘಂಟಿನಲ್ಲಿ ಒಂದು ಹೆಗ್ಗಣ

ಯಾರೂ ಬಳಸದ ಇಂಗ್ಲಿಷ್ ಪದಗಳನ್ನು ಹುಡುಕಿ ತಂದು, ಅರ್ಥ ಹೇಳಿ ನೋಡೋಣ ಎಂದು ಸವಾಲು ಹಾಕುವ ಹುಡುಗರು ಎಲ್ಲ ಕಾಲದಲ್ಲೂ ಇರುತ್ತಾರೆ. ಅವರ ಮೇಲೆ ನನಗೆ ತುಂಬ ಪ್ರೀತಿ. ಆಂಧ್ರದ ಗಡಿಯಲ್ಲಿರುವ ರಾಯದುರ್ಗ, ಮಡಕಶಿರಾ ಕಡೆಯ ಕನ್ನಡದ ಮಕ್ಕಳು ಈ ಆಟಕ್ಕೆ ಕೂತರೆ ಲಂಡನ್ನಿನವರನ್ನೂ ಸೋಲಿಸಬಲ್ಲರು. ಅಲ್ಲಿಯವರಿಗೆ ಒಗಟಾಗಿರುವ ಎಷ್ಟೋ ಪದಗಳು ಇವರ ಅಜ್ಜಿಯ ಬಾಯಲ್ಲಿವೆ.

ಹೆನ್ರಿ ಯೂಲ್ ಮತ್ತು ಮದರಾಸು ಪ್ರಾಂತದಲ್ಲಿ ಅಧಿಕಾರಿಯಾಗಿದ್ದ ಆರ್ಥರ್ ಬರ್ನೆಲ್ ಕೂಡಿ ಮಾಡಿದ ‘ಹಾಬ್ಸನ್-ಜಾಬ್ಸನ್’ ನಿಘಂಟು ಇಂಥ ಪದಗಳ ದೊಡ್ಡ ಕಣಜ. ಅದು ಅಚ್ಚಾಗಿ ಬಂದದ್ದು 1886ರಲ್ಲಿ. ಪಾಪ, ಬರ್ನೆಲ್ 1882ರಲ್ಲೇ ತೀರಿಕೊಂಡಿದ್ದರು. ಮೊಹರಮ್ಮಿನಲ್ಲಿ ಎದೆ ಬಡಿದುಕೊಂಡು ಕೂಗುವ ‘ಯಾ ಹಸನ್, ಯಾ ಹುಸೇನ್’ ಗೋರಾ ಸಿಪಾಯಿಗಳ ನಾಲಿಗೆಯಲ್ಲಿ ಹಾಬ್ಸನ್-ಜಾಬ್ಸನ್ ಆಯಿತು. ಪುಸ್ತಕಕ್ಕೂ ಅದೇ ಹೆಸರು. ನಮ್ಮ ಕಡೆ ಮೊಹರಮ್ಮನ್ನು ಪೀರ್ಲ ಹಬ್ಬವೆಂದು ಊರಿಗೆ ಊರೇ ಮಾಡುತ್ತದೆ. ಅನಂತಪುರ ಜಿಲ್ಲೆಯ ನಾರ್ಪಲದ ಹತ್ತಿರದ ಗೂಗೂಡಿನ ಕುಳ್ಳಾಯಿಸ್ವಾಮಿ ಪೀರಿಗೆ ಎಲ್ಲ ಜಾತಿಯವರೂ ಹರಕೆ ಹೊರುತ್ತಾರೆ. ಇಂಗ್ಲಿಷಿನವರು ಹೊರಗೆ ನಿಂತು ಕೇಳಿಸಿಕೊಂಡ ಕೂಗು ಇಲ್ಲಿ ಮನೆಯೊಳಗಿನ ಹಬ್ಬ.

ಆ ಪುಸ್ತಕದಲ್ಲಿ ‘ಬ್ಯಾಂಡಿಕೂಟ್’ ಇದೆ. ತೆಲುಗಿನ ‘ಪಂದಿಕೊಕ್ಕು’ ಅದರ ಮೂಲ. ಹಂದಿಯಂಥ ಇಲಿ, ನಮ್ಮ ಹೆಗ್ಗಣ. ಗಡಿಯ ಹಳ್ಳಿಯ ರೈತನಿಗೆ ಎರಡು ಹೆಸರೂ ಗೊತ್ತು, ಅದು ಕಣದಲ್ಲಿ ಮಾಡುವ ಹಾಳೂ ಗೊತ್ತು. ಈ ಹೆಸರು ಹಡಗು ಹತ್ತಿ ಆಸ್ಟ್ರೇಲಿಯಕ್ಕೆ ಹೋಗಿ, ಹೊಟ್ಟೆಯ ಚೀಲದಲ್ಲಿ ಮರಿ ಹೊರುವ ಅಲ್ಲಿನ ಬೇರೊಂದು ಪ್ರಾಣಿಗೆ ಅಂಟಿಕೊಂಡಿತು. ಎರಡಕ್ಕೂ ರಕ್ತಸಂಬಂಧವೇ ಇಲ್ಲ.

1800ರಲ್ಲಿ ನಿಜಾಮರು ಈ ಬಳ್ಳಾರಿ, ಅನಂತಪುರ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಥಾಮಸ್ ಮನ್ರೋ 1807ರವರೆಗೆ ಇಲ್ಲಿ ಕಲೆಕ್ಟರ್ ಆಗಿದ್ದ. ಅವನಂಥ ಅಧಿಕಾರಿಗಳ ಇಂಗ್ಲಿಷಿನಲ್ಲಿ ಪಾಳೆಯಗಾರ ‘ಪಾಲಿಗರ್’ ಆದ, ಊರಿನ ಲೆಕ್ಕ ಬರೆಯುವ ಕರಣಂ ‘ಕರ್ನಂ’ ಆದ, ತೋಪು ‘ಟೋಪ್’ ಆಯಿತು, ಕುರುಬರು ನೇಯ್ದ ಕಂಬಳಿ ‘ಕಂಬ್ಲಿ’ ಆಯಿತು. ‘ಪಾಲಿಗರ್ ನಾಯಿ’ ಎಂದು ಒಂದು ದೊಡ್ಡ ನಾಯಿತಳಿಗೂ ಹೆಸರು ಬಿತ್ತು. ಪಾಳೆಯಪಟ್ಟುಗಳು ಅಳಿದವು. ಕರಣಂ ಹುದ್ದೆಯನ್ನು 1984ರಲ್ಲಿ ಎನ್.ಟಿ. ರಾಮರಾವ್ ಸರ್ಕಾರ ತೆಗೆದುಹಾಕಿತು. ನಿಘಂಟಿನಲ್ಲಿ ಮಾತ್ರ ಇಬ್ಬರೂ ಕೂತೇ ಇದ್ದಾರೆ.

ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹೆಚ್ಚು ನಾಟಿದ್ದು ‘ಕಾಂಜಿ ಹೌಸ್’. ಕಾಂಜಿ ಎಂದರೆ ನಮ್ಮ ಗಂಜಿಯೇ. ದಂಡಿನಲ್ಲಿ ತಪ್ಪು ಮಾಡಿದ ಸಿಪಾಯಿಯನ್ನು ಕೂಡಿಹಾಕುವ ಕೋಣೆಗೆ ಆ ಹೆಸರು, ಒಳಗಿದ್ದವನಿಗೆ ಗಂಜಿಯೇ ಗತಿ ಎಂದು. ಆ ದಂಡಿನ ಕಾಲದಲ್ಲಿ ನಮ್ಮ ರಾಯದುರ್ಗ ಬಳ್ಳಾರಿ ಜಿಲ್ಲೆಗೆ ಸೇರಿತ್ತು, 1953ರಲ್ಲಿ ಅನಂತಪುರ ಜಿಲ್ಲೆಗೆ ಬಂತು. ಅದೇ ಬಳ್ಳಾರಿ ಸೀಮೆ 1876ರಿಂದ 78ರವರೆಗೆ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಬೆಂದುಹೋಯಿತು. ದಂಡಿನವನಿಗೆ ಶಿಕ್ಷೆಯಾಗಿದ್ದ ಗಂಜಿ, ಹೊಲ ಒಣಗಿ ಮನೆ ಬಿಟ್ಟು ಬಂದ ತಾಯಿಗೆ ಮಕ್ಕಳ ಜೀವ. ನಿಘಂಟು ಕೊಡುವುದು ಮೊದಲಿನ ಅರ್ಥವನ್ನು. ಎರಡನೆಯದನ್ನು ನಾವೇ ಬರೆಯಬೇಕು, ಬರೆದಿಡಲೇಬೇಕು ಎಂಬುದು ನನ್ನ ಹಟ.

ಕಂದಾಯ ಇಲಾಖೆಯ ಮಾತುಗಳು ಇನ್ನೂ ಉಸಿರಾಡುತ್ತಿವೆ. ಜಮಾಬಂದಿ, ಕಿಸ್ತು, ಫಸಲಿ ಇವೆಲ್ಲ ದೊಡ್ಡ ಇಂಗ್ಲಿಷ್ ಕೋಶಗಳಲ್ಲಿ ಸಿಗುತ್ತವೆ. ಫಸಲಿ ಎಂದರೆ ಕಂದಾಯದ ವರ್ಷ; ಅದಕ್ಕೆ 590 ಕೂಡಿಸಿದರೆ ಅದು ಶುರುವಾಗುವ ಇಸವಿ ಸಿಗುತ್ತದೆ, ಹೊಸ ವರ್ಷ ಜುಲೈ 1ಕ್ಕೆ. ಓದು ಬಾರದ ರೈತರೂ ಈ ಲೆಕ್ಕ ತಪ್ಪುತ್ತಿರಲಿಲ್ಲ.

ಇನ್ನು ಮಡಕಶಿರಾ. ಮೂರು ಕಡೆ ಕರ್ನಾಟಕ; ನೊಳಂಬರ ರಾಜಧಾನಿ ಹೆಂಜೇರು, ಈಗಿನ ಹೇಮಾವತಿ, ಇರುವುದು ಇಲ್ಲೇ. ಪಕ್ಕದ ಪಾವಗಡ, ಮಧುಗಿರಿ, ಶಿರಾ ಸೀಮೆಯ ಬಗ್ಗೆ ಬರೆಯುತ್ತ ಲೂಯಿಸ್ ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ‘ತಲ್‌ಪರ್ಗಿ’ ಎಂಬ ಪದ ಬಳಸಿದ್ದಾರೆ. ಇಂಗ್ಲಿಷ್ ಓದುಗರಲ್ಲಿ ಇದರ ಅರ್ಥ ಬಲ್ಲವರು ಬೆರಳೆಣಿಕೆಯಷ್ಟೂ ಇರಲಾರರು. ಅದು ನಮ್ಮ ತಲಪರಿಗೆ. ಹಳ್ಳದ ಮರಳಿನಲ್ಲಿ ಒರತೆ ಕಂಡ ಕಡೆ ಅಗೆದರೆ ನೀರು ಜಿನುಗುತ್ತ ಬಂದು ಗುಂಡಿ ತುಂಬುತ್ತಿತ್ತು. ಅಲ್ಲಿಂದ ಕಾಲುವೆ ತೆಗೆದು ನೀರನ್ನು ಗದ್ದೆಗೆ ಹರಿಸುತ್ತಿದ್ದರು. ಮಳೆ ನೀರಿಗೆ ಮರಳು ಕೊಚ್ಚಿಬಂದು ಕಾಲುವೆ ಮುಚ್ಚಿದರೆ, ಅಚ್ಚುಕಟ್ಟಿನ ರೈತರು ಗುದ್ದಲಿ ಮಂಕರಿ ಹಿಡಿದು ಒಟ್ಟಾಗಿ ಹೂಳೆತ್ತಬೇಕಿತ್ತು. ಹೀಗೆ ಹರಿಸುವಾಗ ಏತ ಬೇಕಿರಲಿಲ್ಲ, ಕಪಿಲೆ ಬೇಕಿರಲಿಲ್ಲ, ಎತ್ತಿನ ಹಂಗೂ ಇರಲಿಲ್ಲ. ಕೊಳವೆಬಾವಿಗಳು ಆಳಕ್ಕೆ ಇಳಿದಂತೆ ಎಷ್ಟೋ ಒರತೆಗಳು ಬತ್ತಿದವು.

ಈ ಕೆಲಸ ಕೈಯಾರೆ ಮಾಡಿದ ಹಿರಿಯರನ್ನು ಅಗಳಿ, ರೊಳ್ಳ, ಅಮರಾಪುರದ ಕನ್ನಡ ಶಾಲೆಗಳ ಮಕ್ಕಳು ಈಗಲೇ ಹುಡುಕಿಕೊಂಡು ಹೋಗಬೇಕು. ಒರತೆಯ ಬಾಯಿಗೆ ಏನೆನ್ನುತ್ತಿದ್ದರು, ಹೂಳಿನ ದಿಬ್ಬಕ್ಕೆ ಏನು ಹೆಸರು, ನೀರಿನ ಸರದಿಯನ್ನು ಯಾವ ಮಾತಿನಲ್ಲಿ ಎಣಿಸುತ್ತಿದ್ದರು ಎಂದು ಕೇಳಿ ಬರೆದುಕೊಳ್ಳಬೇಕು. ರೈಸ್ ಸಾಹೇಬರಿಗೆ ಸಿಕ್ಕಿದ್ದು ಒಂದೇ ಪದ.